ಬೀಳುವುದಕ್ಕೂ ತಾಲೀಮು ಬೇಕು

ಆಗ್ರಾದಲ್ಲಿದ್ದೆ ಎಂದರೆ ಜನ ತಾಜ್‌ಮಹಲ್ ಬಗ್ಗೆಯೇ ಕೇಳುತ್ತಾರೆ. ನಾವು ಹೋಗಿದ್ದು ಬೇರೆ ಕೆಲಸಕ್ಕೆ. ವಾಯುಪಡೆಯ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆ ಇರುವುದೂ ಅದೇ ಊರಿನಲ್ಲಿ. ಸೈನಿಕರು ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಲು ಕಲಿಯುವ ಆ ಅಂಗಳಕ್ಕೆ ಎನ್‌ಸಿಸಿ ಕೆಡೆಟ್‌ಗಳನ್ನೂ ಆರಿಸಿ ಕಳಿಸುತ್ತಾರೆ. ಕರ್ನಾಟಕದಿಂದ ಹೋದ ನಮ್ಮ ಹಿಂದಿ ಅಷ್ಟಕ್ಕಷ್ಟೇ. ಆದರೆ ಉಸ್ತಾದರ ಗದರಿಕೆ ಮೊದಲ ದಿನವೇ ಅರ್ಥವಾಯಿತು.

ಹಾರಲು ಕಲಿಸುತ್ತಾರೆಂದು ಬೀಗಿಕೊಂಡು ಹೋದವರಿಗೆ ಅವರು ಬೀಳುವುದನ್ನು ಕಲಿಸಿದರು. ಬೆಳಗಿನಿಂದ ಸಂಜೆವರೆಗೆ ಅದೇ ತಾಲೀಮು. ಎರಡೂ ಪಾದ, ಎರಡೂ ಮಂಡಿ ಅಂಟಿಕೊಂಡಿರಬೇಕು, ಗಲ್ಲ ಎದೆಗೆ ತಾಗಿರಬೇಕು. ನೆಲ ಮುಟ್ಟಿದ ಕೂಡಲೇ ಮೀನಖಂಡ, ತೊಡೆ, ಕುಂಡೆ, ಬೆನ್ನಿನ ಪಕ್ಕ ಎಂದು ಪೆಟ್ಟನ್ನು ಮೈಗೆಲ್ಲ ಹಂಚುತ್ತ ಉರುಳಬೇಕು. ಮೈಕೈ ನೋವಿಗೆ ರಾತ್ರಿ ಮಗ್ಗುಲು ಬದಲಿಸಲೂ ಯೋಚಿಸಬೇಕಿತ್ತು.

ಈ ಹಟಕ್ಕೆ ಕಾರಣವಿದೆ. ಸೇನೆಯ ದುಂಡು ಪ್ಯಾರಾಚೂಟ್ ಸೆಕೆಂಡಿಗೆ 5ರಿಂದ 6 ಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಆಳೆತ್ತರದ ಕಾಂಪೌಂಡ್ ಗೋಡೆಯಿಂದ ಧುಮುಕಿದಷ್ಟು ಪೆಟ್ಟು. ಜಂಬದಿಂದ ನಿಂತೇ ಇಳಿಯುತ್ತೇನೆ ಎಂದವನ ಕಣಕಾಲಿಗೆ ಕೇಡು ತಪ್ಪಿದ್ದಲ್ಲ.

ನೆಲದ ಪಾಠ ಮುಗಿದ ಮೇಲೆ ಗೋಪುರ. ಸೊಂಟಪಟ್ಟಿಗೆ ಸಿಕ್ಕಿಸಿದ ತಂತಿ ಮೇಲೊಂದು ಉರುಳೆಗೆ ಸುತ್ತಿರುತ್ತದೆ. ನಾವು ಬಿದ್ದಂತೆ ಉರುಳೆ ತಿರುಗಿ ಅದರ ರೆಕ್ಕೆಗಳು ಗಾಳಿ ಬಡಿಯುತ್ತ ವೇಗ ತಗ್ಗಿಸುತ್ತವೆ. ನನ್ನ ಮಟ್ಟಿಗೆ ವಿಮಾನಕ್ಕಿಂತ ಆ ಗೋಪುರವೇ ಭಯಂಕರ. ಕೆಳಗೆ ನಿಂತವರ ಮುಖ ಸ್ಪಷ್ಟವಾಗಿ ಕಾಣುವ ಎತ್ತರ ಅದು.

ಈ ವಿದ್ಯೆ ನಮ್ಮ ಸೇನೆಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 50ನೇ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿದ್ದು 1941ರಲ್ಲಿ. ಮೊದಲು ಜಿಗಿದ ಭಾರತೀಯರಲ್ಲಿ ಎ.ಜಿ. ರಂಗರಾಜ್ ಒಬ್ಬರು, ವೃತ್ತಿಯಲ್ಲಿ ವೈದ್ಯರು, ಮುಂದೆ ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಮುನ್ನಡೆಸಿದವರು. ಬಾಂಗ್ಲಾ ಯುದ್ಧದಲ್ಲಿ, 1971ರ ಡಿಸೆಂಬರ್ 11ರಂದು, ಟಾಂಗೈಲ್‌ನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದದ್ದು 2 ಪ್ಯಾರಾ ಬೆಟಾಲಿಯನ್. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ ಎಂಬುದು ನನಗೆ ಗೊತ್ತಾದದ್ದು ಆಗ್ರಾದಲ್ಲಿ!

ಕೊನೆಗೂ ಜಿಗಿಯುವ ದಿನ ಬಂತು. ಮಲಪುರಾ ಬಯಲಿನ ಮೇಲೆ 1,250 ಅಡಿ ಎತ್ತರ. ಎಎನ್-32 ವಿಮಾನದೊಳಗೆ ಇಂಜಿನ್ನಿನ ಮೊರೆತ ಬಿಟ್ಟರೆ ಏನೂ ಕೇಳಿಸದು. ಬೆನ್ನ ಮೇಲೆ ಮುಖ್ಯ ಪ್ಯಾರಾಚೂಟ್, ಎದೆಗೆ ಕಟ್ಟಿದ್ದು ಆಪತ್ಕಾಲದ್ದು. ತಲೆಯ ಮೇಲಿನ ತಂತಿಗೆ ಕೊಕ್ಕೆ ಸಿಕ್ಕಿಸಿದ ಪಟ್ಟಿಯೇ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ನಾವು ಮಾಡಬೇಕಾದ್ದು ಹೊರಬೀಳುವುದಷ್ಟೇ. ಕೆಂಪು ದೀಪ, ಹಸಿರು ದೀಪ. ಧೈರ್ಯ ತಂದುಕೊಳ್ಳಲು ಪುರಸೊತ್ತೇ ಇಲ್ಲ, ಮುಂದಿನವನು ಮಾಯವಾದ, ಹಿಂದಿನವನು ಒತ್ತುತ್ತಿದ್ದಾನೆ. ಹೊರಬಿದ್ದು ಮನಸ್ಸಿನಲ್ಲೇ ಮಾಡುವ ಎಣಿಕೆ ಮುಗಿಯುವಷ್ಟರಲ್ಲಿ ಭುಜಕ್ಕೊಂದು ಜಗ್ಗು. ತಲೆಯೆತ್ತಿದರೆ ಬಟ್ಟೆ ಪೂರ್ತಿ ಅರಳಿತ್ತು.

ಆಮೇಲಿನದು ಒಂದು ನಿಮಿಷ ಚಿಲ್ಲರೆ. ಇಂಜಿನ್ ಸದ್ದು ದೂರವಾಗಿ, ಕೆಳಗಿನ ಧ್ವನಿವರ್ಧಕದಲ್ಲಿ ಉಸ್ತಾದರ ದನಿ ಏರತೊಡಗಿತು: ಕಾಲು ಜೋಡಿಸು, ಕಾಲು ಜೋಡಿಸು! ತಾಜ್‌ಮಹಲ್ ಕಂಡಿತೇ ಎನ್ನುವವರಿಗೆ ಉತ್ತರ: ನಾನು ನೋಡುತ್ತಿದ್ದದ್ದು ನನ್ನ ಬೂಟು.

ಈಗ ಪ್ರದರ್ಶನಗಳಲ್ಲಿ ನೋಡುತ್ತೇನೆ: ವಾಯುಪಡೆಯ ಆಕಾಶ ಗಂಗಾ ತಂಡದವರು ಚೌಕಾಕಾರದ ಪ್ಯಾರಾಚೂಟ್ ತಿರುಗಿಸುತ್ತ ಬಂದು, ಕೊನೆಗಳಿಗೆಯಲ್ಲಿ ಹಗ್ಗ ಜಗ್ಗಿ ವೇಗ ಕಳೆದು, ನಡೆದುಕೊಂಡೇ ನೆಲಕ್ಕಿಳಿಯುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.