ಹೆಸರು ಲಾವಣಿಗೆ ತಂದದ್ದು, ಸ್ವಂತದ್ದಲ್ಲ

ಗಂಗಾವತಿಯಿಂದ ಒಬ್ಬರು ಫೋನ್ ಮಾಡಿದ್ದರು. ರೈಸ್ ಮಿಲ್ ಮಾಲೀಕರು. ಮೊದಲ ಮಾತೇ ಹೀಗಿತ್ತು: "ಸರ್, ನಮ್ಮ ಮಿಲ್ಲಿನ ಹೆಸರ ಯಾರೋ ಕದ್ದಾರ್ರಿ."

ಹೆಸರು ಕದಿಯೋದು ಅಂದ್ರೆ ಏನು ಅಂತ ಕೇಳಿದೆ. ಎಂಟು ವರ್ಷದಿಂದ ಮಿಲ್ಲಿಗೆ ಒಂದು ವೆಬ್‌ಸೈಟ್ ಇತ್ತಂತೆ. ಸೋನಾ ಮಸೂರಿ ಬೇಕು ಅನ್ನುವ ಹೊರ ರಾಜ್ಯದ ವ್ಯಾಪಾರಿಗಳು ಅದೇ ಹೆಸರಿನ ಇಮೇಲ್‌ಗೆ ಬರೆಯುತ್ತಿದ್ದರು. ಒಂದು ತಿಂಗಳಿಂದ ಮೇಲ್ ಬರುವುದು ಕಡಿಮೆಯಾಗಿತ್ತು. ಇವರು ಮಾರುಕಟ್ಟೆಯೇ ತಣ್ಣಗಿದೆ ಅಂದುಕೊಂಡಿದ್ದರು. ಒಂದು ದಿನ ಮುಂಬೈ ವ್ಯಾಪಾರಿ ಫೋನ್ ಮಾಡಿ, "ಏನ್ ಸಾಹೇಬ್ರೇ, ಮಿಲ್ ಮುಚ್ಚಿದ್ರಾ? ಕಳಿಸಿದ ಮೇಲ್ ವಾಪಸ್ ಬರ್ತಿದೆ" ಅಂದಾಗ ಗಾಬರಿ ಶುರುವಾಯಿತು. ವೆಬ್‌ಸೈಟ್ ತೆಗೆದು ನೋಡಿದರೆ ಪುಟವೇ ಬರುತ್ತಿಲ್ಲ. ಕೆಲವು ವಾರದ ಹಿಂದೆ ಮಗ ನೋಡಿದ್ದಾಗ ಅಲ್ಲಿ ಏನೋ ಇಂಗ್ಲಿಷ್ ಜಾಹೀರಾತು ಕಾಣಿಸಿತ್ತಂತೆ. ಅವನು ನೆಟ್‌ವರ್ಕ್ ಸಮಸ್ಯೆ ಇರಬೇಕು ಅಂತ ಸುಮ್ಮನಾಗಿದ್ದ.

ವೀಕ್ಷಕರೇ, ಇದು ಕಳ್ಳತನ ಅಲ್ಲ. ಯಾರೂ ಏನೂ ಕದ್ದಿಲ್ಲ. ಗಡುವು ಮುಗಿದಿದೆ, ಅಷ್ಟೇ. ಆದರೆ "ಅಷ್ಟೇ" ಅಂತ ಕೂತರೆ ಹೆಸರು ನಿಜವಾಗಿಯೂ ಬೇರೆಯವರ ಪಾಲಾಗುತ್ತದೆ. ಇಂಥ ಹೊತ್ತಿನಲ್ಲಿ ದುಡ್ಡಿಗಿಂತ ದಿನಗಳ ಲೆಕ್ಕ ದೊಡ್ಡದು. ಇವತ್ತು ಆ ಲೆಕ್ಕವನ್ನೇ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. ನಾವೆಲ್ಲ "ಡೊಮೈನ್ ಖರೀದಿ ಮಾಡಿದೆ" ಅಂತೀವಿ. ಅದು ಖರೀದಿ ಅಲ್ಲ. ಕೊಪ್ಪಳ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅದು ಲಾವಣಿ. ಹಾಡಿನ ಲಾವಣಿ ಅಲ್ಲ, ಹೊಲದ ಲಾವಣಿ. ವರ್ಷಕ್ಕಿಷ್ಟು ಅಂತ ಕಟ್ಟಿ ಬಿತ್ತಿ ಬೆಳೆದುಕೊಳ್ಳುತ್ತೀರಿ. ವರ್ಷ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ ಅಂದರೆ ಹೊಲ ನಿಮ್ಮದಲ್ಲ. ಎಂಟು ವರ್ಷ ನಾನೇ ಉತ್ತಿದ್ದೇನೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಡೊಮೈನ್ ಹೆಸರನ್ನು ಒಂದು ವರ್ಷಕ್ಕೂ ತೆಗೆದುಕೊಳ್ಳಬಹುದು, ಒಟ್ಟಿಗೆ ಹತ್ತು ವರ್ಷಕ್ಕೂ ತೆಗೆದುಕೊಳ್ಳಬಹುದು. ಅದಕ್ಕಿಂತ ಹೆಚ್ಚು ಇಲ್ಲ. ಶಾಶ್ವತ ಅನ್ನುವುದಂತೂ ಇಲ್ಲವೇ ಇಲ್ಲ.

ಈ ಲಾವಣಿಯಲ್ಲಿ ಮೂರು ಜನ ಇದ್ದಾರೆ. ಹೆಸರುಗಳ ಮೂಲ ದಫ್ತರ ಇಟ್ಟುಕೊಂಡವರು ರಿಜಿಸ್ಟ್ರಿ. ನಮ್ಮ ದೇಶದ ಡಾಟ್ ಇನ್ ಹೆಸರುಗಳ ದಫ್ತರ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸಂಸ್ಥೆಯ ಕೈಯಲ್ಲಿದೆ. ನಮಗೆ ಹೆಸರು ಕೊಡುವ ಅಂಗಡಿಯವರು ರಿಜಿಸ್ಟ್ರಾರ್. ಮೂರನೆಯವರು ನಾವು. ಡಾಟ್ ಕಾಮ್‌ನಂಥ ಹೆಸರುಗಳಿಗೆ ಜಗತ್ತಿನ ಮಟ್ಟದಲ್ಲಿ ನಿಯಮ ಮಾಡುವ ಸಂಸ್ಥೆ ಐಕಾನ್, 1998ರಲ್ಲಿ ಶುರುವಾದದ್ದು.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಡಾಟ್ ಕಾಮ್ ಹೆಸರಿನ ಉದಾಹರಣೆಯನ್ನೇ ಇಟ್ಟುಕೊಳ್ಳಿ.

ಗಡುವು ಮುಗಿದ ಮೊದಲ ಹಂತಕ್ಕೆ ಗ್ರೇಸ್ ಪೀರಿಯಡ್ ಅಂತಾರೆ. ಇದು ಹೆಚ್ಚೆಂದರೆ 45 ದಿನ. ನಿಮಗೆ ಎಷ್ಟು ದಿನ ಸಿಗುತ್ತದೆ ಅನ್ನುವುದು ರಿಜಿಸ್ಟ್ರಾರ್ ಮೇಲೆ ಹೋಗುತ್ತದೆ. ವೆಬ್‌ಸೈಟ್ ಜಾಗದಲ್ಲಿ ಜಾಹೀರಾತಿನ ಪುಟ ಕಾಣಿಸುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಅದನ್ನು ನೋಡಿ ಹ್ಯಾಕ್ ಆಯ್ತು ಅಂತ ಎಷ್ಟೋ ಜನ ಹೆದರುತ್ತಾರೆ. ಹೆದರಬೇಡಿ. ಆ ಪುಟ ಬಹುಮಟ್ಟಿಗೆ ನಿಮ್ಮ ರಿಜಿಸ್ಟ್ರಾರೇ ಹಾಕಿರುತ್ತಾನೆ. ಈಗ ಲಾಗಿನ್ ಆಗಿ ಹಣ ಕಟ್ಟಿದರೆ ಸಾಮಾನ್ಯ ದರದಲ್ಲೇ, ಅಥವಾ ಸ್ವಲ್ಪ ದಂಡ ಸೇರಿಸಿ, ಹೆಸರು ವಾಪಸ್ ಬರುತ್ತದೆ. ಆದರೆ ಇಲ್ಲೊಂದು ಅಪಾಯ ಇದೆ. ಈ ಅವಧಿಯಲ್ಲೇ ಕೆಲವು ರಿಜಿಸ್ಟ್ರಾರ್‌ಗಳು ಹೆಸರನ್ನು ಹರಾಜಿಗೆ ಇಡುತ್ತಾರೆ. ಹರಾಜಿನಲ್ಲಿ ಇನ್ನೊಬ್ಬರ ಹೆಸರಿಗೆ ವರ್ಗ ಆಗಿಬಿಟ್ಟರೆ ಮುಂದಿನ ಹಂತಗಳು ನಿಮಗೆ ಸಿಗುವುದೇ ಇಲ್ಲ. ಹಾಗಾಗಿ ಇನ್ನೂ ದಿನ ಇದೆಯಲ್ಲ ಅಂತ ಕಾಯಬೇಡಿ.

ಎರಡನೆಯದು ರಿಡೆಂಪ್ಷನ್ ಪೀರಿಯಡ್. 30 ದಿನ. ಈಗ ವೆಬ್‌ಸೈಟೂ ಇಲ್ಲ, ಜಾಹೀರಾತೂ ಇಲ್ಲ, ಇಮೇಲೂ ಇಲ್ಲ. ಗಂಗಾವತಿಯ ಮಿಲ್ಲಿನ ಹೆಸರು ನಿಂತಿದ್ದದ್ದು ಇಲ್ಲಿ. ಒತ್ತೆ ಇಟ್ಟ ಬಂಗಾರ ಬಿಡಿಸಿಕೊಂಡ ಹಾಗೆ ಬಿಡಿಸಿಕೊಳ್ಳಬೇಕು. ಶುಲ್ಕ ಮಾಮೂಲಿ ದರದ ಹಲವು ಪಟ್ಟು. ಬಿಡಿಸಿಕೊಡಲು ಸಾಧ್ಯವಿರುವುದು ಹಳೆಯ ರಿಜಿಸ್ಟ್ರಾರ್‌ಗೆ ಮಾತ್ರ. ಬೇರೆ ಕಡೆ ಅಗ್ಗಕ್ಕೆ ಸಿಗುತ್ತದೆ ಅಂತ ಹೋದರೆ ಕೆಲಸ ಆಗಲ್ಲ.

ಮೂರನೆಯದು ಪೆಂಡಿಂಗ್ ಡಿಲೀಟ್. ಐದು ದಿನ. ಈ ಐದು ದಿನ ದೇವರು ಬಂದರೂ ಏನೂ ಮಾಡಲಾಗದು. ಆಮೇಲೆ ಹೆಸರು ಎಲ್ಲರಿಗೂ ಬಿಡುಗಡೆ. ಎಲ್ಲರಿಗೂ ಅಂದರೆ ಯಾರಿಗೆ? ಇಂಥ ಹೆಸರುಗಳಿಗಾಗಿಯೇ ಕಂಪ್ಯೂಟರ್‌ಗಳನ್ನು ಕಾವಲಿಗೆ ಬಿಟ್ಟುಕೊಂಡ ಕಂಪನಿಗಳಿವೆ. ಹಳೆಯ ಹೆಸರು, ಜನ ಬಂದುಹೋಗುತ್ತಿದ್ದ ಹೆಸರು ಅಂದರೆ ಸೆಕೆಂಡುಗಳಲ್ಲಿ ಹಿಡಿದುಬಿಡುತ್ತವೆ. ನೀವು ಬೆಳಿಗ್ಗೆ ಚಹಾ ಕುಡಿದು ನೋಡೋಣ ಅನ್ನುವಷ್ಟರಲ್ಲಿ ಮುಗಿದಿರುತ್ತದೆ.

ಡಾಟ್ ಇನ್ ಹೆಸರಿಗೆ ಐಕಾನ್ ನಿಯಮ ನೇರವಾಗಿ ಅನ್ವಯಿಸುವುದಿಲ್ಲ, ಅಲ್ಲಿ ನಿಕ್ಸಿ ನಿಯಮ. ಮೆಟ್ಟಿಲುಗಳು ಹೆಚ್ಚುಕಡಿಮೆ ಇವೇ. ಆದರೂ ನಿಮ್ಮ ಹೆಸರಿಗೆ ಎಷ್ಟು ದಿನ ಉಳಿದಿದೆ ಅಂತ ರಿಜಿಸ್ಟ್ರಾರ್ ಬಳಿ ಲಿಖಿತವಾಗಿ ಕೇಳಿ.

ನಿಮ್ಮ ಹೆಸರು ಯಾವ ಮೆಟ್ಟಿಲಲ್ಲಿದೆ ಅಂತ ತಿಳಿಯುವುದು ಹೇಗೆ? ಹೊಲಕ್ಕೆ ಪಹಣಿ ಇದ್ದ ಹಾಗೆ ಡೊಮೈನ್‌ಗೂ ಒಂದು ಪಹಣಿ ಇದೆ. ಅದಕ್ಕೆ ಹೂ ಈಸ್ ಅಂತಾರೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. ರಿಜಿಸ್ಟ್ರಾರ್ ಯಾರು, ಗಡುವು ಯಾವತ್ತು, ಈಗಿನ ಸ್ಥಿತಿ ಏನು, ಮೂರೂ ಅಲ್ಲಿರುತ್ತವೆ. ಸ್ಥಿತಿಯ ಜಾಗದಲ್ಲಿ ರಿಡೆಂಪ್ಷನ್ ಪೀರಿಯಡ್ ಅಂತ ಇದ್ದರೆ ಇನ್ನೂ ದಾರಿ ಇದೆ. ಪೆಂಡಿಂಗ್ ಡಿಲೀಟ್ ಅಂತ ಇದ್ದರೆ ಬಾಗಿಲು ಮುಚ್ಚಿದೆ.

ಮಿಲ್ ಮಾಲೀಕರಿಗೂ ಇದನ್ನೇ ನೋಡಲು ಹೇಳಿದೆ. ಹನ್ನೊಂದು ದಿನ ಬಾಕಿ ಇತ್ತು. "ಸರಿ, ಲಾಗಿನ್ ಆಗಿ ದುಡ್ಡು ಕಟ್ಟಿ" ಅಂದೆ. ಆ ಕಡೆಯಿಂದ ಉತ್ತರ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಲಾಗಿನ್ ನಂತಾಕ ಇಲ್ರಿ ಸರ್. ಅದನ್ನ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋಗ್ಯಾನ. ಅವನ ನಂಬರೂ ಬದಲಾಗೈತಿ."

ನೋಡಿ, ನಿಜವಾದ ರೋಗ ಇದು. ನಮ್ಮ ಸಣ್ಣ ಊರುಗಳಲ್ಲಿ ವೆಬ್‌ಸೈಟ್ ಮಾಡಿಸುವುದು ಹೇಗೆ? ಪರಿಚಯದ ಒಬ್ಬ ಹುಡುಗ ಇರುತ್ತಾನೆ. ಅವನ ಕೈಗೆ ದುಡ್ಡು ಕೊಡುತ್ತೀವಿ. ಅವನು ತನ್ನ ಇಮೇಲ್, ತನ್ನ ಮೊಬೈಲ್ ನಂಬರ್ ಹಾಕಿ ಹೆಸರು ತೆಗೆಯುತ್ತಾನೆ. ಮೋಸ ಮಾಡಬೇಕು ಅಂತಲ್ಲ, ಅದು ಸುಲಭ ಅಂತ. ಆದರೆ ರಿಜಿಸ್ಟ್ರಾರ್ ಕಣ್ಣಿಗೆ ಒಡೆಯ ಅವನೇ. ಐಕಾನ್ ನಿಯಮದ ಪ್ರಕಾರ ಗಡುವಿಗೆ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಒಮ್ಮೆ, ಗಡುವು ಮುಗಿದ ಐದು ದಿನದೊಳಗೆ ಮತ್ತೊಮ್ಮೆ ರಿಜಿಸ್ಟ್ರಾರ್ ನೆನಪಿಸಲೇಬೇಕು. ನೆನಪಿಸಿರುತ್ತಾನೆ, ಆದರೆ ಹುಡುಗನ ಹಳೆಯ ಇಮೇಲ್‌ಗೆ!

ಇನ್ನು ಕೆಲವರು ಅತಿ ಜಾಣತನ ಮಾಡುತ್ತಾರೆ. ಸಂಪರ್ಕದ ಇಮೇಲ್ ಅಂತ ಅದೇ ಡೊಮೈನ್‌ನ ಇಮೇಲ್ ಕೊಡುತ್ತಾರೆ. ಡೊಮೈನ್ ನಿಂತರೆ ಆ ಇಮೇಲೂ ನಿಲ್ಲುತ್ತದೆ. ಪಾಸ್‌ವರ್ಡ್ ಮರೆತಿದ್ದರೆ ಹೊಸದು ಬರುವುದೂ ಅಲ್ಲಿಗೇ. ಕೀಲಿಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಆಟೊ ರಿನ್ಯೂ ಹಾಕಿದ್ದೇನೆ, ತಾನಾಗಿಯೇ ದುಡ್ಡು ಹೋಗುತ್ತದೆ ಅನ್ನುವವರಿಗೂ ಒಂದು ಮಾತು. 2021ರ ಅಕ್ಟೋಬರ್ 1ರಿಂದ ಕಾರ್ಡ್‌ನಲ್ಲಿ ತಾನಾಗಿ ಹಣ ಕಡಿತ ಆಗುವುದಕ್ಕೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿತು. ಗ್ರಾಹಕ ಹೆಚ್ಚುವರಿ ದೃಢೀಕರಣದ ಮೂಲಕ ಒಪ್ಪಿಗೆ ಕೊಟ್ಟಿರಬೇಕು. ನಮ್ಮ ರಕ್ಷಣೆಗೆ ಬಂದ ಒಳ್ಳೆಯ ನಿಯಮ ಅದು. ಆದರೆ ಹಳೆಯ ವ್ಯವಸ್ಥೆಯನ್ನೇ ನಂಬಿ ಕೂತವರ ಎಷ್ಟೋ ಪಾವತಿಗಳು ಆಗ ನಿಂತುಹೋದವು. ಕಾರ್ಡ್ ಅವಧಿ ಮುಗಿದರೂ ಅದೇ ಕಥೆ. ಆಟೊ ರಿನ್ಯೂ ಇದ್ದರೂ ವರ್ಷಕ್ಕೊಮ್ಮೆ ಕಣ್ಣಾರೆ ನೋಡಿ.

ಇದು ಹಳ್ಳಿಯವರ ಅಜ್ಞಾನ ಅಂತ ನಗಬೇಡಿ. 1999ರ ಕ್ರಿಸ್‌ಮಸ್ ಸಮಯದಲ್ಲಿ ಹಾಟ್‌ಮೇಲ್ ತೆರೆಯಲು ಹೋದ ಜನರಿಗೆ ಬಾಗಿಲೇ ತೆರೆಯಲಿಲ್ಲ. ಕಾರಣ, ಹಾಟ್‌ಮೇಲ್‌ಗೆ ಬೇಕಾಗಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ 35 ಡಾಲರ್ ಕಟ್ಟುವುದನ್ನು ಮೈಕ್ರೋಸಾಫ್ಟ್ ಮರೆತಿತ್ತು. ಮೈಕಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಕಾರ್ಡ್‌ನಿಂದ ಆ ಹಣ ಕಟ್ಟಿದ. ಸೇವೆ ಮತ್ತೆ ಶುರುವಾಯಿತು. ಮೈಕ್ರೋಸಾಫ್ಟ್ ಮರೆಯಬಹುದಾದರೆ ನಾವು ನೀವು ಯಾವ ಲೆಕ್ಕ? ಆದರೆ ಮೈಕಲ್ ಚೇನಿ ಎಲ್ಲರಿಗೂ ಸಿಗುವುದಿಲ್ಲ.

ಕುಷ್ಟಗಿ ಕಡೆಯ ಒಂದು ಖಾಸಗಿ ಶಾಲೆಯವರಿಗೆ ಸಿಗಲಿಲ್ಲ. ಅವರ ಡಾಟ್ ಇನ್ ಹೆಸರು ಕೈಬಿಟ್ಟು ಬಹಳ ದಿನವಾಗಿತ್ತು. ಗೊತ್ತಾದದ್ದು ಯಾವಾಗ? ಮಕ್ಕಳ ಡೈರಿಯ ಮೇಲೆ ಅಚ್ಚಾದ ವಿಳಾಸ ನೋಡಿ ಒಬ್ಬ ತಾಯಿ ಮೊಬೈಲ್‌ನಲ್ಲಿ ತೆಗೆದರೆ, ಶಾಲೆಯ ಹೆಸರಿನಡಿ ಜೂಜಿನ ಜಾಹೀರಾತು. ಆ ತಾಯಿ ಶಾಲೆಗೆ ಬಂದು ಮುಖ್ಯಶಿಕ್ಷಕರ ಮುಂದೆ ಮೊಬೈಲ್ ಹಿಡಿದರಂತೆ. ಜಾಹೀರಾತಿನವರಿಗೆ ಶಾಲೆ ಬೇಕಾಗಿಲ್ಲ, ಹಳೆಯ ಹೆಸರನ್ನು ನಂಬಿ ಬರುವ ಜನ ಬೇಕು.

ಇಮೇಲ್ ವಿಷಯ ಇನ್ನೂ ಗಂಭೀರ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಒಬ್ಬ ಭದ್ರತಾ ತಜ್ಞ ಪರೀಕ್ಷೆಗೆಂದು, ವಕೀಲರ ಸಂಸ್ಥೆಗಳು ಕೈಬಿಟ್ಟ ಡೊಮೈನ್‌ಗಳನ್ನು ತಾನೇ ತೆಗೆದುಕೊಂಡು ನೋಡಿದ. ಆ ಸಂಸ್ಥೆಗಳಿಗೆ ಬರಬೇಕಾಗಿದ್ದ ಗುಟ್ಟಿನ ಪತ್ರಗಳು ಇವನ ಪೆಟ್ಟಿಗೆಗೆ ಬಂದು ಬೀಳತೊಡಗಿದವು. ನಿಮ್ಮ ಜಿಎಸ್‌ಟಿ, ಬ್ಯಾಂಕ್, ಫೇಸ್‌ಬುಕ್ ಖಾತೆಗೆಲ್ಲ ಆ ಡೊಮೈನ್‌ನ ಇಮೇಲನ್ನೇ ಕೊಟ್ಟಿದ್ದೀರಾ? ಹಾಗಾದರೆ ಇವತ್ತೇ ಬದಲಾಯಿಸಿ. ಹೆಸರು ಹೋದರೂ ಖಾತೆ ಹೋಗಬಾರದು.

ಹಾಗಾದರೆ ಹೋದ ಹೆಸರಿಗೆ ಕಾನೂನು ಇಲ್ಲವಾ? ಇದೆ, ಆದರೆ ಎಲ್ಲರಿಗೂ ಅಲ್ಲ. ದೇಶಕ್ಕೇ ದಾರಿ ತೋರಿಸಿದ ಮೊಕದ್ದಮೆ ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್‌ನಲ್ಲೇ. ಸಿಫಿ ಹೆಸರಿನಲ್ಲಿ ಡೊಮೈನ್‌ಗಳನ್ನು ಹೊಂದಿದ್ದ ಸತ್ಯಂ ಇನ್ಫೋವೇ, ಅದೇ ರೀತಿ ಕೇಳಿಸುವ ಹೆಸರಿಟ್ಟುಕೊಂಡ ಸಿಫಿನೆಟ್ ಸೊಲ್ಯೂಷನ್ಸ್ ಮೇಲೆ ದಾವೆ ಹೂಡಿತ್ತು. ಇಲ್ಲಿ ತಡೆಯಾಜ್ಞೆ ಸಿಕ್ಕಿತು, ಕರ್ನಾಟಕ ಹೈಕೋರ್ಟ್‌ನಲ್ಲಿ ಅದು ರದ್ದಾಯಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಪರ ನಿಂತಿತು. ಡೊಮೈನ್ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತು, ಟ್ರೇಡ್‌ಮಾರ್ಕ್‌ನಂತೆ ಅದಕ್ಕೂ ರಕ್ಷಣೆ ಇದೆ ಅನ್ನುವುದು ಆ ತೀರ್ಪಿನ ಸಾರ. ಅದು ಗಡುವು ಮುಗಿದ ಹೆಸರಿನ ಪ್ರಕರಣ ಅಲ್ಲ. ಆದರೆ ಹೆಸರು ವಾಪಸ್ ಕೇಳುವವರಿಗೆ ನಿಲ್ಲಲು ನೆಲ ಕೊಟ್ಟದ್ದು ಅದೇ.

ಕೋರ್ಟ್ ಬೇಡ ಅಂದರೆ, ಡಾಟ್ ಇನ್ ಹೆಸರಿಗೆ ನಿಕ್ಸಿಯಲ್ಲೇ ದೂರು ಕೊಡಬಹುದು. ಮಧ್ಯಸ್ಥಗಾರರು ವಿಚಾರಿಸುತ್ತಾರೆ. ಡಾಟ್ ಕಾಮ್‌ಗೆ 1999ರಿಂದ ಐಕಾನ್‌ನದೇ ಒಂದು ವ್ಯವಸ್ಥೆ ಇದೆ. ಎರಡೂ ಕಡೆ ಕೇಳುವುದು ಒಂದೇ: ಆ ಹೆಸರಿನ ಮೇಲೆ ನಿಮಗೆ ಹಕ್ಕಿದೆಯಾ? ಅವನಿಗೆ ನ್ಯಾಯವಾದ ಕಾರಣ ಇಲ್ಲವಾ? ಅವನ ಉದ್ದೇಶ ಕೆಟ್ಟದ್ದಾ? ನೋಂದಾಯಿಸಿದ ಟ್ರೇಡ್‌ಮಾರ್ಕ್ ಇದ್ದವರ ಕೈ ಬಲ. ಕುಷ್ಟಗಿಯ ಆ ಶಾಲೆಯದು ಊರೂರಲ್ಲೂ ಇರುವ ದೇವರ ಹೆಸರು. ಅದು ನಮ್ಮೊಬ್ಬರದೇ ಅಂತ ಹೇಳುವುದು ಕಷ್ಟ. ಅವರು ಹೊಸ ಹೆಸರು ತೆಗೆದುಕೊಂಡರು, ಪಾಲಕರಿಗೆಲ್ಲ ಸುತ್ತೋಲೆ ಕಳಿಸಿದರು, ಡೈರಿಗಳ ಮೇಲೆ ಚೀಟಿ ಅಂಟಿಸಿದರು. ಹಳೆಯ ಹೆಸರು ಹೋಯಿತು. ಇನ್ನು ಹಳೆಯ ಹೆಸರಿನಲ್ಲಿ ನಿಮ್ಮಂತೆಯೇ ನಟಿಸಿ ಯಾರಾದರೂ ಹಣ ಕೇಳಿದರೆ ಅದು ವಂಚನೆ. ಆಗ 1930ಕ್ಕೆ ಫೋನ್ ಮಾಡಿ, ಸೈಬರ್ ಪೊಲೀಸರಿಗೆ ದೂರು ಕೊಡಿ.

ಮಿಲ್ಲಿನ ಕಥೆ ಏನಾಯಿತು? ಹುಡುಗನ ತಂದೆ ಕಾರಟಗಿಯಲ್ಲಿ ಇದ್ದರು. ಅವರಿಂದ ನಂಬರ್ ಸಿಕ್ಕಿತು. ಪಾಪ, ಹುಡುಗನಿಗೂ ಬೇಸರ, ನೆನಪಿನ ಮೇಲ್‌ಗಳು ಅವನ ಹಳೆಯ ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿದ್ದವು. ಅವನೇ ಕೂತು ಹಣ ಕಟ್ಟಿಸಿ ಬಿಡಿಸಿದ. ಮಾಮೂಲಿ ಸಾವಿರ ರೂಪಾಯಿ ಆಚೀಚೆ ಆಗುವ ಕೆಲಸಕ್ಕೆ ಮಾಲೀಕರು ಅದರ ಹಲವು ಪಟ್ಟು ತೆತ್ತರು. ಬೇಜಾರಿಲ್ಲ, ಹೆಸರು ಬಂತಲ್ರಿ ಅಂದರು. ಖಾತೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡರು.

ಕೊನೆಗೆ ನನ್ನ ವಿನಂತಿ ಇಷ್ಟು. ಕಿನ್ನಾಳದ ಗೊಂಬೆ ಮಾರುವವರಾಗಿರಿ, ಆನೆಗೊಂದಿಯಲ್ಲಿ ರೂಮ್ ಕೊಡುವವರಾಗಿರಿ, ಕೊಪ್ಪಳದ ಆಸ್ಪತ್ರೆಯಾಗಲಿ, ಯಲಬುರ್ಗಾದ ರೈತರ ಕಂಪನಿಯಾಗಲಿ, ಇವತ್ತು ಸಂಜೆ ನಿಮ್ಮ ಹೆಸರಿನ ಪಹಣಿ ತೆಗೆದು ನೋಡಿ. ಖಾತೆ ನಿಮ್ಮ ಹೆಸರಿನಲ್ಲಿದೆಯಾ? ಇಮೇಲ್, ಮೊಬೈಲ್ ನಿಮ್ಮವಾ? ಸಂಘ ಸಂಸ್ಥೆಯಾದರೆ ಕಾರ್ಯದರ್ಶಿ ಬದಲಾದಾಗ ಲೆಕ್ಕದ ಪುಸ್ತಕದ ಜೊತೆ ಈ ಪಾಸ್‌ವರ್ಡೂ ಕೈ ಬದಲಾಗಲಿ. ಗಡುವಿನ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರು ತೆಗೆದುಕೊಂಡರೂ ಗಡುವು ಗಡುವೇ.

ಅಂಗಡಿಯ ಬೋರ್ಡ್ ಬಿದ್ದರೆ ದಾರಿಹೋಕರು ಒಳಗೆ ಬಂದು ಹೇಳುತ್ತಾರೆ. ಇಂಟರ್‌ನೆಟ್‌ನಲ್ಲಿ ಬೋರ್ಡ್ ಬಿದ್ದರೆ ಗಿರಾಕಿ ಸುಮ್ಮನೆ ಬೇರೆ ಅಂಗಡಿಗೆ ಹೋಗುತ್ತಾನೆ. ನಿಮ್ಮ ಬೋರ್ಡನ್ನು ನೀವೇ ನೋಡಿಕೊಳ್ಳಬೇಕು.