ಪೋಸ್ಟ್ ಬ್ಯಾಗ್ ನಂಬರ್ 1, ಎಲೆಕ್ಟ್ರಾನಿಕ್ ಸಿಟಿ

ಸಿಪಿಸಿ, ಪೋಸ್ಟ್ ಬ್ಯಾಗ್ ನಂಬರ್ 1, ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿ, ಬೆಂಗಳೂರು 560100. ಹತ್ತು ಹನ್ನೆರಡು ವರ್ಷಗಳ ಹಿಂದೆ ಸಂಬಳ ಎಣಿಸುತ್ತಿದ್ದ ಎಷ್ಟೋ ಮನೆಗಳಲ್ಲಿ ಈ ವಿಳಾಸ ಬಾಯಿಪಾಠವಾಗಿತ್ತು. ಕಾಶ್ಮೀರದ ಬ್ಯಾಂಕ್ ನೌಕರರಿಂದ ಕನ್ಯಾಕುಮಾರಿಯ ಶಾಲಾ ಮೇಷ್ಟ್ರವರೆಗೆ ಎಲ್ಲರೂ ಲಕೋಟೆಯ ಮೇಲೆ ಇದನ್ನೇ ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದವರೂ ಕೊನೆಗೆ ಅಂಚೆ ಡಬ್ಬದ ಮುಂದೆ ನಿಲ್ಲಬೇಕಿತ್ತು. ಇವತ್ತು ರಿಟರ್ನ್ಸ್ ಸಲ್ಲಿಸಲು ಯಾವ ತಂತ್ರಾಂಶ ಅಗ್ಗ, ಯಾವುದು ನಂಬಿಕೆಗೆ ಯೋಗ್ಯ ಎಂದು ಹುಡುಕುವವರು ಆ ಲಕೋಟೆಯ ಕಥೆಯನ್ನು ಒಮ್ಮೆ ಕೇಳಬೇಕು.

ಲಕೋಟೆಯೊಳಗೆ ಇರುತ್ತಿದ್ದುದು ಒಂದೇ ಹಾಳೆ. ಹೆಸರು ಐಟಿಆರ್-ವಿ, ‘ವಿ’ ಎಂದರೆ ವೆರಿಫಿಕೇಶನ್, ದೃಢೀಕರಣ. ವಿವರ ಅಪ್‌ಲೋಡ್ ಆದ ಮೇಲೆ ಅದು ಬೀಗ ಹಾಕಿದ ಪಿಡಿಎಫ್ ಆಗಿ ಬರುತ್ತಿತ್ತು. ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದಕ್ಕೆ ಜನ್ಮದಿನಾಂಕ ಸೇರಿಸಿದರೆ ಬೀಗ ತೆರೆಯುತ್ತಿತ್ತು. ಝೆರಾಕ್ಸ್ ಅಂಗಡಿಗೆ ಹೋಗಿ ಎ4 ಹಾಳೆಯ ಮೇಲೆ ಪ್ರಿಂಟ್ ತೆಗೆಸಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಡೆಯದು. ಕೆಳಗಿನ ಬಾರ್‌ಕೋಡ್ ಮೇಲೆ ಗೀರು ಬೀಳಬಾರದು, ಪಿನ್ ಹೊಡೆಯಬಾರದು. ಸಹಿ ನೀಲಿ ಶಾಯಿಯಲ್ಲೇ ಇರಬೇಕು, ಸಹಿಯ ಝೆರಾಕ್ಸ್ ಪ್ರತಿ ಕಳಿಸುವಂತಿಲ್ಲ. ಹಾಳೆಯ ಮಧ್ಯದಲ್ಲಿ ಒಟ್ಟು ಆದಾಯ, ಕಡಿತಗಳು, ಕಟ್ಟಬೇಕಾದ ತೆರಿಗೆ, ಕಟ್ಟಿದ ತೆರಿಗೆ, ವಾಪಸ್ ಬರುವ ಹಣ ಎಂದು ಸಾಲುಸಾಲಾಗಿ ಅಂಕಿಗಳಿರುತ್ತಿದ್ದವು. ಪೆನ್ನು ಹಿಡಿದ ಕೈ ಸಹಿಯ ಜಾಗಕ್ಕೆ ಇಳಿಯುವ ಮುಂಚೆ ಕಣ್ಣು ಆ ಸಾಲುಗಳನ್ನು ದಾಟಲೇಬೇಕಿತ್ತು.

ಇಂಥ ಅರೆ ಕಂಪ್ಯೂಟರು, ಅರೆ ಅಂಚೆಯ ಪದ್ಧತಿ ಯಾಕೆ ಬಂತು?

1998ರಲ್ಲಿ ಹಣಕಾಸು ಸಚಿವ ಯಶವಂತ ಸಿನ್ಹಾ ‘ಸರಳ್’ ಎಂಬ ಒಂದೇ ಪುಟದ ಅರ್ಜಿ ತಂದಿದ್ದರು. ಅದನ್ನು ತುಂಬಿ, ಫಾರ್ಮ್ 16 ಲಗತ್ತಿಸಿ, ತೆರಿಗೆ ಕಚೇರಿಯ ಕೌಂಟರಿನಲ್ಲಿ ಕ್ಯೂ ನಿಂತು, ಸ್ವೀಕೃತಿಯ ಪ್ರತಿಗೆ ಸೀಲು ಹಾಕಿಸಿಕೊಂಡರೆ ಕೆಲಸ ಮುಗಿಯಿತು. ಮುಂದೆ ಕಂಪನಿಗಳಿಗೆ ಆನ್‌ಲೈನ್ ಸಲ್ಲಿಕೆ ಕಡ್ಡಾಯವಾಯಿತು. 2007ರಲ್ಲಿ ಲಗತ್ತುಗಳೇ ಬೇಡದ ಹೊಸ ಐಟಿಆರ್ ನಮೂನೆಗಳು ಬಂದವು. ತೊಡಕು ಉಳಿದದ್ದು ಸಹಿಯಲ್ಲಿ. ಸಹಿಯಿಲ್ಲದ ರಿಟರ್ನ್ಸ್‌ಗೆ ಕಾನೂನಿನಲ್ಲಿ ಬೆಲೆಯಿಲ್ಲ. ಡಿಜಿಟಲ್ ಸಹಿಯನ್ನೋ ದುಡ್ಡು ಕೊಟ್ಟು ಕೊಳ್ಳಬೇಕು, ಅವಧಿ ಮುಗಿದಾಗ ನವೀಕರಿಸಬೇಕು. ಕಂಪನಿಯ ನಿರ್ದೇಶಕರಿಗೆ ಅದು ಭಾರವಲ್ಲ. ಎರಡು ಸಾವಿರ ರೂಪಾಯಿ ಟಿಡಿಎಸ್ ವಾಪಸ್ ಪಡೆಯಬೇಕಾದ ಗುಮಾಸ್ತರಿಗೆ ಅದು ಆಗದ ಮಾತು. ಹಾಗಾಗಿ ಇಲಾಖೆ ಕೆಲಸವನ್ನು ಎರಡಾಗಿ ಸೀಳಿತು: ಅಂಕಿಗಳು ಇಂಟರ್ನೆಟ್ಟಿನಲ್ಲಿ ಹೋಗಲಿ, ಸಹಿ ಅಂಚೆಯಲ್ಲಿ ಬರಲಿ. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಸಿಪಿಸಿ, ಕೆಲಸ ಶುರುಮಾಡಿತು. ತಾಂತ್ರಿಕ ಹೊಣೆ ಇನ್ಫೊಸಿಸ್‌ನದು. ಡಿಜಿಟಲ್ ಸಹಿಯಿಲ್ಲದ ಇ-ರಿಟರ್ನ್ಸ್‌ಗಳ ಸಹಿ ಆ ಒಂದು ಪೋಸ್ಟ್ ಬ್ಯಾಗಿಗೆ ಬಂದು ಬೀಳತೊಡಗಿತು.

ಬಡವರ ಪಾಲಿಗೆ ಇದು ದೊಡ್ಡ ಉಪಕಾರ ಎಂಬುದನ್ನು ಮರೆಯಬಾರದು. ಐದು ರೂಪಾಯಿಯ ಅಂಚೆ ಚೀಟಿಯಲ್ಲಿ ಕೆಲಸ ಆಗುತ್ತಿತ್ತು.

ಆದರೆ ಆತಂಕವೂ ಅಷ್ಟೇ ಇತ್ತು. ಮೊದಮೊದಲು ಸಾಧಾರಣ ಅಂಚೆಯಲ್ಲೇ ಕಳಿಸಬೇಕಿತ್ತು, ಸ್ಪೀಡ್ ಪೋಸ್ಟಿಗೆ ಒಪ್ಪಿಗೆ ಸಿಕ್ಕಿದ್ದು ಆಮೇಲೆ. ಕೊರಿಯರ್ ಅಂತೂ ಸಲ್ಲದು. 120 ದಿನಗಳೊಳಗೆ ಹಾಳೆ ತಲುಪದಿದ್ದರೆ ರಿಟರ್ನ್ಸ್ ಸಲ್ಲಿಸಿಯೇ ಇಲ್ಲ ಎಂಬ ಲೆಕ್ಕ. ‘ತಲುಪಿದೆ’ ಎಂಬ ಇಮೇಲ್ ಬರುವ ತನಕ ನೆಮ್ಮದಿಯಿಲ್ಲದೆ ಎರಡೆರಡು ಸಲ ಕಳಿಸಿದವರಿದ್ದರು. ಈ ತಾಪತ್ರಯ ಎಷ್ಟು ದೂರ ಎಳೆಯಿತೆಂದರೆ, 2020ರ ಜುಲೈನಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ, 2015-16ರಿಂದ 2019-20ರವರೆಗಿನ ಐದು ಮೌಲ್ಯಮಾಪನ ವರ್ಷಗಳಲ್ಲಿ ದೃಢೀಕರಣವಾಗದೆ ಉಳಿದಿದ್ದ ರಿಟರ್ನ್ಸ್‌ಗಳಿಗೆ ಒಂದೇ ಬಾರಿಯ ಅವಕಾಶ ಕೊಡಬೇಕಾಯಿತು.

ಅಷ್ಟರಲ್ಲಿ ಪರಿಹಾರ ಬಂದೂ ಆಗಿತ್ತು. 2015ರ ಜುಲೈನಲ್ಲಿ ನೆಟ್ ಬ್ಯಾಂಕಿಂಗ್ ಅಥವಾ ಆಧಾರ್ ಒಟಿಪಿ ಮೂಲಕ ದೃಢೀಕರಿಸುವ ದಾರಿ ತೆರೆಯಿತು. ಆರು ಅಂಕಿ ಒತ್ತಿದರೆ ನೀಲಿ ಶಾಯಿಯ ಕೆಲಸ ಮುಗಿಯಿತು.

ಖಾಸಗಿ ತಂತ್ರಾಂಶಗಳು ಬೆಳೆದದ್ದೂ ಇದೇ ಕಾಲದಲ್ಲಿ. ಮಂಗಳೂರಿನ ವಿನ್‌ಮ್ಯಾನ್‌ನಂಥವು ಆಡಿಟರುಗಳ ಮೇಜಿಗೆ ಬೇಕಾದವು. ಜನಸಾಮಾನ್ಯರಿಗೆಂದೇ ಬಂದದ್ದು 2011ರಲ್ಲಿ ಶುರುವಾದ ಕ್ಲಿಯರ್‌ಟ್ಯಾಕ್ಸ್, ಅದರ ಹಿಂದೆ ಟ್ಯಾಕ್ಸ್‌ಟುವಿನ್, ಕ್ವಿಕೊ ಮುಂತಾದವು. ಅವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಸರ್ಕಾರ ಉಚಿತವಾಗಿ ಕೊಡುತ್ತಿದ್ದ ಎಕ್ಸೆಲ್ ಕಡತದಲ್ಲಿ ಮ್ಯಾಕ್ರೊ ತೆರೆಯುತ್ತಿರಲಿಲ್ಲ, ಜಾವಾ ಕಡತಕ್ಕೆ ಕಂಪ್ಯೂಟರಿನ ಜಾವಾ ಹೊಂದುತ್ತಿರಲಿಲ್ಲ. ಫಾರ್ಮ್ 16ರ ಪಿಡಿಎಫ್ ಹಾಕಿದರೆ ಅಂಕಿಗಳನ್ನು ತಾನೇ ಓದಿ ತುಂಬುವ ಜಾಲತಾಣಕ್ಕೆ ಕೆಲವು ನೂರು ರೂಪಾಯಿ ಕೊಡುವುದು ಆಗ ನ್ಯಾಯವಾದ ಖರ್ಚೇ ಆಗಿತ್ತು.

ಈಗ ಆ ಕಾರಣ ಉಳಿದಿಲ್ಲ. ಇನ್ಫೊಸಿಸ್ ಕಟ್ಟಿದ, 2021ರ ಜೂನ್ 7ರಂದು ಬಂದ ಇಲಾಖೆಯ ಹೊಸ ಪೋರ್ಟಲ್ ಮೊದಲ ದಿನದಿಂದಲೇ ಕೈಕೊಟ್ಟಿತು. ಮಾರನೇ ದಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಟ್ವಿಟರಿನಲ್ಲೇ ಇನ್ಫೊಸಿಸ್‌ನ ನಂದನ್ ನಿಲೇಕಣಿಯವರನ್ನು ಪ್ರಶ್ನಿಸಿದರು. ಆಗಸ್ಟಿನಲ್ಲಿ ಪೋರ್ಟಲ್ ಮತ್ತೆ ಸ್ಥಗಿತಗೊಂಡಾಗ ಇನ್ಫೊಸಿಸ್ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಸಚಿವಾಲಯ ಕರೆಸಿಕೊಂಡಿತು. ಆ ವರ್ಷದ ಗಡುವು ಡಿಸೆಂಬರ್ 31ರವರೆಗೂ ಹೋಯಿತು. ಅಷ್ಟೆಲ್ಲ ಒದ್ದಾಡಿದ ಅದೇ ಪೋರ್ಟಲ್ 2024ರ ಜುಲೈ 31ರಂದು ಒಂದೇ ದಿನ ಸುಮಾರು 70 ಲಕ್ಷ ರಿಟರ್ನ್ಸ್ ಸ್ವೀಕರಿಸಿತು. ಅಂದಿಗೆ ಒಟ್ಟು ಸಂಖ್ಯೆ 7.28 ಕೋಟಿ ದಾಟಿತ್ತು.

ಭಾರತದಲ್ಲಿ ವಾಸವಾಗಿದ್ದು, ಒಟ್ಟು ಆದಾಯ 50 ಲಕ್ಷ ರೂಪಾಯಿ ಮೀರದೆ, ಸಂಬಳ ಅಥವಾ ಪಿಂಚಣಿ, ಒಂದು ಮನೆ, ಬ್ಯಾಂಕ್ ಬಡ್ಡಿ ಇಷ್ಟೇ ಇರುವವರಿಗೆ ಐಟಿಆರ್-1, ಅಂದರೆ ‘ಸಹಜ್’ ಸಾಕು. ಪೋರ್ಟಲ್‌ನಲ್ಲಿ ಅದು ಬಹುಪಾಲು ತುಂಬಿಕೊಂಡೇ ಎದುರಾಗುತ್ತದೆ. ವೈಯಕ್ತಿಕ ವಿವರ, ಆದಾಯ, ಕಡಿತ, ಕಟ್ಟಿದ ತೆರಿಗೆ, ಒಟ್ಟು ತೆರಿಗೆ ಎಂಬ ಐದು ಭಾಗಗಳು. ಪಕ್ಕದಲ್ಲಿ ಫಾರ್ಮ್ 16 ಮತ್ತು ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್ ಇಟ್ಟುಕೊಂಡು ತಾಳೆ ನೋಡಬೇಕು. ಉಳಿತಾಯ ಖಾತೆಯ ಬಡ್ಡಿ ಬಿಟ್ಟುಹೋಗಿದೆಯೇ, ಹಳೇ ತೆರಿಗೆ ಪದ್ಧತಿ ಲಾಭವೋ ಹೊಸದೋ ಎಂದು ನೋಡಿ ಮುಂದೆ ಹೋಗಬೇಕು. ಶುಲ್ಕ ಸೊನ್ನೆ. ಇಷ್ಟು ಸರಳ ರಿಟರ್ನ್ಸ್‌ಗೂ ದುಡ್ಡು ತೆರುವುದು ಅನವಶ್ಯಕ.

ಷೇರು ವಹಿವಾಟು ಹೆಚ್ಚಿದ್ದರೆ, ವಿದೇಶಿ ಆದಾಯವಿದ್ದರೆ ಮಾತು ಬೇರೆ. ಅಲ್ಲಿ ಖಾಸಗಿ ತಂತ್ರಾಂಶಕ್ಕೋ ಆಡಿಟರಿಗೋ ಕೊಡುವ ಹಣಕ್ಕೆ ಅರ್ಥವಿದೆ. ಆಗಲೂ ಮೂರು ಸಂಗತಿ ವಿಚಾರಿಸಬೇಕು. ಆ ಸಂಸ್ಥೆ ಇಲಾಖೆಯಲ್ಲಿ ಇ-ರಿಟರ್ನ್ ಮಧ್ಯವರ್ತಿಯಾಗಿ ನೋಂದಾಯಿಸಿಕೊಂಡಿದೆಯೇ? ಶುಲ್ಕವನ್ನು ಮೊದಲೇ ಹೇಳುತ್ತದೆಯೇ, ಎಲ್ಲ ತುಂಬಿದ ಮೇಲೆ ಹೇಳುತ್ತದೆಯೇ? ಬರುವ ರೀಫಂಡಿನಲ್ಲಿ ಇಷ್ಟು ಪಾಲು ಕೊಡಿ ಎನ್ನುತ್ತದೆಯೇ? ಪಾಲು ಕೇಳುವವರ ಹತ್ತಿರ ಹೋಗಲೇಬಾರದು.

2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆಗಳಲ್ಲಿ ತಪಾಸಣೆ ನಡೆಸಿದ್ದು ಇಂಥವರ ಮೇಲೆಯೇ. ಇಲ್ಲದ ಬಾಡಿಗೆ, ಕೊಡದ ದೇಣಿಗೆ, ತೆಗೆದುಕೊಳ್ಳದ ಸಾಲದ ಹೆಸರಿನಲ್ಲಿ ಕಡಿತ ತೋರಿಸಿ ರೀಫಂಡ್ ಎಳೆದಿದ್ದರು. ಅದರ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು 1,045 ಕೋಟಿ ರೂಪಾಯಿಯಷ್ಟು ಸುಳ್ಳು ಕ್ಲೇಮುಗಳನ್ನು ತಾವಾಗಿ ಹಿಂಪಡೆದಿದ್ದರು. ಹೀಗೆ ಸಿಕ್ಕಿಬಿದ್ದಾಗ ದಂಡ ಬೀಳುವುದು ರಿಟರ್ನ್ಸ್ ಯಾರ ಹೆಸರಿನಲ್ಲಿದೆಯೋ ಅವರಿಗೆ.

ಆ ನೀಲಿ ಶಾಯಿಯ ಹಾಳೆ ನೆನಪಾಗುವುದು ಇಲ್ಲೇ. ಫೋನಿನಲ್ಲಿ ಬಂದ ಆರು ಅಂಕಿಯನ್ನು ಇನ್ಯಾರಿಗೋ ಓದಿ ಹೇಳುವುದು ಸುಲಭ. ತನ್ನ ಹೆಸರಿನಲ್ಲಿ ಏನು ಬರೆದಿದ್ದಾರೆ ಎಂದು ನೋಡದೆಯೇ ಸಹಿ ಆಗಿಹೋಗುತ್ತದೆ. ಅಂಚೆಯ ಕಾಲದ ತಾಪತ್ರಯ ಹೋದದ್ದು ಒಳ್ಳೆಯದೇ. ಆದರೆ ಸಹಿಗೆ ಮುಂಚೆ ಓದುತ್ತಿದ್ದ ಆ ಒಂದು ನಿಮಿಷ ಹೋದದ್ದು ನಿಜವಾದ ನಷ್ಟ. ಅದನ್ನು ಮರಳಿ ಪಡೆಯಲು ಖರ್ಚಿಲ್ಲ. ಸಲ್ಲಿಸುವ ಮುನ್ನ ಪ್ರಿವ್ಯೂ ತೆರೆಯಿರಿ, ಆದಾಯ ಮತ್ತು ಕಡಿತಗಳ ಸಾಲುಗಳನ್ನು ನೀವೇ ಓದಿ, ಆಮೇಲೆ ಒಟಿಪಿಯನ್ನು ನಿಮ್ಮ ಕೈಯಾರೆ ಒತ್ತಿ. 120 ದಿನಗಳಿದ್ದ ದೃಢೀಕರಣದ ಗಡುವು 2022ರ ಆಗಸ್ಟ್ 1ರಿಂದ 30 ದಿನಕ್ಕೆ ಇಳಿದಿದೆ, ಅದನ್ನೂ ಮರೆಯಬೇಡಿ.