ಹೊರಗಿನಿಂದ ಬಂದ ಮಗುವೂ ಮಕ್ಕಳ ಮತ್ಸರವೂ

ಅರಿಷಡ್ವರ್ಗಗಳನ್ನು ಎಣಿಸುವಾಗ ನಮ್ಮ ಹಿರಿಯರು ಮತ್ಸರವನ್ನು ಕಡೆಯಲ್ಲಿ ಹೇಳಿದ್ದಾರೆ. ಕಡೆಯಲ್ಲಿ ಹೇಳಿದ ಮಾತ್ರಕ್ಕೆ ಅದು ಸಣ್ಣ ವೈರಿಯೆಂದು ತಿಳಿಯಲಾಗದು. ಉಳಿದ ವೈರಿಗಳು ಬಹುಮಟ್ಟಿಗೆ ಬೆಳೆದವರನ್ನು ಹಿಡಿಯುವವು. ಮತ್ಸರವಾದರೋ ತೊಟ್ಟಿಲಲ್ಲಿ ಹೊಸ ತಮ್ಮನನ್ನು ಕಂಡ ಮೂರು ವರುಷದ ಕೂಸಿನಲ್ಲಿಯೂ ತಲೆಯೆತ್ತುವದು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮನೆಮಾತಾಗಿರುವ 'ಶ್ರೀಕೃಷ್ಣ ಪಾರಿಜಾತ'ದ ಆಟವನ್ನು ನೋಡಿದವರಿಗೆ, ಒಂದೇ ಹೂವು ಒಂದು ಮನೆಯ ನೆಮ್ಮದಿಯನ್ನು ಹೇಗೆ ಕೆಡಿಸಬಲ್ಲದೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದು ದೊಡ್ಡವರ ಕಥೆ. ಮಕ್ಕಳಲ್ಲಿ ಈ ಕಿಚ್ಚು ಹೊತ್ತಿದಾಗ ಹೊರಗಿನಿಂದ ಬಂದ ಮಗುವೇ ಅದಕ್ಕೆ ಮೊದಲು ತುತ್ತಾಗುವದು ಏಕೆಂಬದನ್ನು ಕೆಲವು ಕಥೆಗಳ ಆಧಾರದಿಂದ ಇಲ್ಲಿ ವಿಚಾರಿಸುವೆವು.

ಮೊದಲನೆಯದು ನಮ್ಮೆಲ್ಲರಿಗೂ ತಿಳಿದ ಭಾರತದ ಕಥೆ. 941ರಲ್ಲಿ ಪಂಪನು 'ವಿಕ್ರಮಾರ್ಜುನ ವಿಜಯ'ವೆಂಬ ಹೆಸರಿನಿಂದ ಇದನ್ನು ಕನ್ನಡಕ್ಕೆ ತಂದನು. ಮುಂದೆ ಗದುಗಿನ ಕುಮಾರವ್ಯಾಸನು ಇದನ್ನು ಹಳ್ಳಿಹಳ್ಳಿಯ ನಾಲಗೆಯ ಮೇಲೆ ನೆಲೆಗೊಳಿಸಿದನು. ಪಾಂಡವರು ಹಸ್ತಿನಾವತಿಯಲ್ಲಿ ಹುಟ್ಟಿದವರಲ್ಲವೆಂಬದನ್ನು ನಾವು ಮರೆಯುತ್ತೇವೆ. ಅವರು ಶತಶೃಂಗದ ಕಾಡಿನಲ್ಲಿ ಹುಟ್ಟಿ, ತಂದೆಯು ತೀರಿಕೊಂಡ ಮೇಲೆ ತಾಯಿಯೊಡನೆ ಅರಮನೆಗೆ ಬಂದ ತಬ್ಬಲಿ ಮಕ್ಕಳು. ಅದುವರೆಗೆ ಆ ಅಂಗಳವೆಲ್ಲ ತಮ್ಮದೆಂದು ಆಡಿಕೊಂಡಿದ್ದ ನೂರು ಮಂದಿಗೆ ಈ ಐವರೊಡನೆ ಅದನ್ನು ಹಂಚಿಕೊಳ್ಳಬೇಕಾಯಿತು. ಓಟದಲ್ಲಿ, ಕುಸ್ತಿಯಲ್ಲಿ ಭೀಮನೇ ಮುಂದು. ಹಣ್ಣಿಗಾಗಿ ಮರವೇರಿದವರನ್ನು ಅವನು ಮರ ಅಲುಗಿಸಿ ಉದುರಿಸುತ್ತಿದ್ದನು. ಅದು ಹುಡುಗಾಟವೇ ಹೊರತು ದ್ವೇಷವಲ್ಲವೆಂದು ವ್ಯಾಸರೇ ಹೇಳುತ್ತಾರೆ. ದುರ್ಯೋಧನನ ಮನಸ್ಸಿನಲ್ಲಿ ಮಾತ್ರ ಅದು ವಿಷವಾಯಿತು. ಆ ವಿಷವು ಒಂದು ದಿನ ಗಂಗೆಯ ದಡದಲ್ಲಿ ಭೀಮನ ಊಟದೊಳಗೆ ಸೇರಿತು. ಎಚ್ಚರ ತಪ್ಪಿದವನನ್ನು ಬಳ್ಳಿಗಳಿಂದ ಕಟ್ಟಿ ಹೊಳೆಗೆ ನೂಕಿದರು. ಭೀಮನು ಬದುಕಿ ಬಂದನು. ಆದರೆ ವಿದುರನಂಥ ಜ್ಞಾನಿಯೂ ಅಂದು ಕುಂತಿಗೆ ಹೇಳಿದ್ದು, ಈ ಮಾತನ್ನು ಹೊರಗೆ ಆಡಬೇಡವೆಂದು. ಆ ಮೌನದಿಂದ ಮಕ್ಕಳು ಆ ಹೊತ್ತಿಗೆ ಉಳಿದರು. ಮತ್ಸರವೂ ಅವರೊಡನೆಯೇ ಉಳಿದು ಬೆಳೆಯಿತು.

ಇನ್ನು ಆಶ್ಚರ್ಯವನ್ನು ನೋಡಿರಿ. ಶಿಷ್ಯರ ವಿದ್ಯೆಯ ಪರೀಕ್ಷೆಯ ದಿನ ಕರ್ಣನು ರಂಗಕ್ಕೆ ಬಂದು, ಅರ್ಜುನನು ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸಿದನು. ಆಗ ಅವನಿಗೆ ಬಂದ ಪ್ರಶ್ನೆ ಬಿಲ್ವಿದ್ಯೆಯದಲ್ಲ. ನಿನ್ನ ಕುಲ ಯಾವುದು, ತಂದೆತಾಯಿಗಳು ಯಾರು ಎಂಬದು. ಸಾರಥಿಯಾದ ಅಧಿರಥನು ತಂದೆಯೆಂದು ತಿಳಿದೊಡನೆ, ಬಿಲ್ಲನ್ನಿಟ್ಟು ಚಾವಟಿಗೆಯನ್ನು ಹಿಡಿಯೆಂದು ಹೀಯಾಳಿಸಿದವನು ಯಾರು? ಹಿಂದೊಮ್ಮೆ ತಾನೇ ಹೊರಗಿನವನೆನಿಸಿ ವಿಷವುಂಡ ಭೀಮನು! ಅದಕ್ಕುತ್ತರವಾಗಿ ದುರ್ಯೋಧನನು ಪಾಂಡವರ ಹುಟ್ಟನ್ನೇ ಎತ್ತಿ ಆಡಿದನು. ನೋವುಂಡವರೆಲ್ಲ ಕನಿಕರವನ್ನು ಕಲಿಯುವರೆಂಬ ನಿಯಮವಿಲ್ಲ. ಕೆಲವರು ನೋಯಿಸುವ ಬಗೆಯನ್ನೇ ಕಲಿಯುತ್ತಾರೆ.

ಏಕಲವ್ಯನ ಕಥೆಯಲ್ಲಿ ಗುರುವಿನ ಪಾಲೂ ಇದೆ. ಅರ್ಜುನನಿಗೆ ಸಮನಾದ ಶಿಷ್ಯನು ಬೇರೊಬ್ಬನಾಗಲಾರನೆಂದು ದ್ರೋಣನು ಮಾತು ಕೊಟ್ಟಿದ್ದನು. ಬೇಡರ ಹುಡುಗನೊಬ್ಬನು ಕಾಡಿನಲ್ಲಿ ತಾನೇ ಕಲಿತು ಅರ್ಜುನನನ್ನು ಮೀರಿದಾಗ, ಆ ಮಾತು ಉಳಿಯಲೆಂದು ಅವನ ಬಲಗೈಯ ಹೆಬ್ಬೆರಳು ಹೋಯಿತು. ಒಬ್ಬ ಶಿಷ್ಯನನ್ನು ಎಲ್ಲರಿಗಿಂತ ಮೇಲೆ ಕೂಡಿಸುತ್ತೇನೆಂದು ಗುರುವು ಒಪ್ಪಿದ ದಿನವೇ ಮತ್ಸರಕ್ಕೆ ಮಣೆ ಹಾಕಿದಂತಾಯಿತು.

ಇದು ನಮ್ಮ ದೇಶದ ಪುರಾಣಗಳಿಗಷ್ಟೇ ಸೇರಿದ್ದಲ್ಲ. ಫ್ರಾನ್ಸಿಸ್ ಹಾಜ್ಸನ್ ಬರ್ನೆಟ್ ಎಂಬ ಲೇಖಕಿಯು 1905ರಲ್ಲಿ ಪ್ರಕಟಿಸಿದ 'ಎ ಲಿಟಲ್ ಪ್ರಿನ್ಸೆಸ್' ಎಂಬ ಕಾದಂಬರಿಯಲ್ಲಿ, ಹಿಂದೂಸ್ಥಾನದಲ್ಲಿ ಬೆಳೆದ ಏಳು ವರುಷದ ಸಾರಾ ಲಂಡನ್ನಿನ ಒಂದು ಬಾಲಿಕಾ ಶಾಲೆಗೆ ಬರುತ್ತಾಳೆ. ಹುಡುಗಿಯರು ಇಬ್ಬಿಬ್ಬರಾಗಿ ಸಾಲುಗಟ್ಟಿ ತಿರುಗಾಡಲು ಹೊರಟಾಗ, ಮುಖ್ಯಾಧ್ಯಾಪಿಕೆಯಾದ ಮಿಸ್ ಮಿಂಚಿನ್ ಈ ಸಿರಿವಂತ ಮಗುವನ್ನೇ ಮುಂದೆ ನಿಲ್ಲಿಸುತ್ತಾಳೆ. ಅದುವರೆಗೆ ಶಾಲೆಗೆಲ್ಲ ಮುಂದಾಳಾಗಿದ್ದ ಲವೀನಿಯಾಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ತಂದೆಯು ತೀರಿ, ಹಣವೂ ಹೋಗಿ, ಸಾರಾ ಅದೇ ಶಾಲೆಯ ಅಟ್ಟದ ಮೇಲೆ ಆಳಾಗಿ ಬಾಳುವಾಗಲೂ ಆ ಬೆಂಕಿ ಆರುವದಿಲ್ಲ. ಅಟ್ಟದಲ್ಲಿ ಗೆಳತಿಯೊಡನೆ ಒಂದು ರಾತ್ರಿ ಅವಳು ನಾಲ್ಕು ತುತ್ತು ತಿನ್ನಲು ಕುಳಿತರೆ, ಅದನ್ನೂ ಹೋಗಿ ಹೇಳಿ ಕೆಡಿಸಿದವಳು ಲವೀನಿಯಾಳೇ. ಇಲ್ಲಿಯೂ ಮೊದಲ ಕಿಡಿಯನ್ನು ಹೊತ್ತಿಸಿದ್ದು ಅಧ್ಯಾಪಿಕೆಯ ಕೈ.

ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವದು. ಮತ್ಸರಕ್ಕೆ ಕಾರಣವೊಂದು, ಅದು ಆಡುವ ಮಾತೊಂದು. ಕರ್ಣನ ಬಾಣವು ಗುರಿ ತಪ್ಪಿದ್ದರೆ ಅವನ ಕುಲವನ್ನು ಅಷ್ಟು ಕೆದಕಿ ಕೇಳುವವರು ಯಾರಿದ್ದರು? 'ನೀನು ನನಗಿಂತ ಚೆನ್ನಾಗಿ ಮಾಡುತ್ತೀ' ಎಂದು ಒಪ್ಪಿಕೊಳ್ಳಲು ಮಗುವಿನ ಅಭಿಮಾನ ಬಿಡದು. ಆದುದರಿಂದ 'ನೀನು ನಮ್ಮವಳಲ್ಲ' ಎನ್ನುವದು. ಹೊರಗಿನಿಂದ ಬಂದ ಮಗುವೇ ಮೊದಲು ತುತ್ತಾಗುವದು ಇದಕ್ಕಾಗಿಯೇ: ಅದರ ಮೇಲೆ ಎಸೆಯಲು ಕಲ್ಲು ಸಿದ್ಧವಾಗಿರುತ್ತದೆ, ಅದರ ಪಕ್ಷದಲ್ಲಿ ನಿಲ್ಲಲು ಜನವಿರುವದಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಾವು ಇದನ್ನು ದೂರದ ಮಾತೆಂದು ಬಗೆಯಲಾಗದು. ನಮ್ಮದು ಗಡಿಯ ಸೀಮೆ. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದ ಈ ಊರುಗಳ ಒಂದೇ ಓಣಿಯಲ್ಲಿ ಕನ್ನಡವೂ ಮರಾಠಿಯೂ ಮನೆಮಾತುಗಳು. ಸಕ್ಕರೆ ಕಾರ್ಖಾನೆಗಳ ಹಂಗಾಮಿಗೆ ಕಬ್ಬು ಕಡಿಯುವವರ ಕುಟುಂಬಗಳು ಬರುತ್ತವೆ. ವರ್ಗವಾಗಿ ಬಂದ ನೌಕರರ ಮಕ್ಕಳು ನಡು ವರುಷದಲ್ಲಿ ಹೆಸರು ಹಚ್ಚುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ಬಂದಾಗ ಎಷ್ಟೋ ಮನೆತನಗಳು ಊರು ಬಿಟ್ಟು ಬೇರೆಡೆ ಆಸರೆ ಪಡೆದವು. ಹೀಗೆ ಬಂದ ಹುಡುಗಿಯು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುವವರೆಗೆ ಅವಳ ಮಾತಿನ ಧಾಟಿಯನ್ನಾಗಲಿ ಬುತ್ತಿಯನ್ನಾಗಲಿ ಬಹಳ ಜನ ಗಮನಿಸರು. ಲೆಕ್ಕದಲ್ಲಿ ಅವಳಿಗೆ ಮೊದಲನೆಯ ಗುಣ ಬಂದ ಮರುದಿನ ಅವಳ ಉಚ್ಚಾರವು ಎಲ್ಲರ ಕಿವಿಗೂ ವಿಚಿತ್ರವಾಗುವದು.

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿಯಿಷ್ಟು. ನಿಮ್ಮ ಮಗಳು ಹೊಸ ಹುಡುಗಿಯೊಬ್ಬಳ ಭಾಷೆಯನ್ನೋ ಊರನ್ನೋ ಆಡಿಕೊಂಡು ನಕ್ಕರೆ, ಬೈಯುವದಕ್ಕಿಂತ ಮೊದಲು ಆ ಹುಡುಗಿ ಯಾವುದರಲ್ಲಿ ಜಾಣೆಯೆಂದು ಕೇಳಿರಿ. ರೋಗದ ಬೇರು ಅಲ್ಲಿ ಸಿಕ್ಕೀತು. 'ಅವಳನ್ನು ನೋಡಿ ಕಲಿ' ಎಂಬ ಮಾತನ್ನು ನಾಲಗೆಯಿಂದ ತೆಗೆದುಹಾಕಿರಿ. ಒಂದು ಮಗುವನ್ನು ತೂಗಲು ಇನ್ನೊಂದು ಮಗುವು ಕಲ್ಲಲ್ಲ. ಮಗಳನ್ನು ಅವಳ ನಿನ್ನೆಯ ಕೆಲಸದೊಡನೆಯೇ ಹೋಲಿಸಿ ನೋಡಿರಿ. ಪಡಸಾಲೆಯಲ್ಲಿ ಕುಳಿತು 'ಅವರು ಎಲ್ಲಿಂದ ಬಂದವರೋ' ಎಂದು ನಾವು ಆಡುವ ಹಗುರ ಮಾತೇ ಮರುದಿನ ಶಾಲೆಯ ಬಯಲಿನಲ್ಲಿ ಕಲ್ಲಾಗುವದೆಂಬದನ್ನೂ ನೆನಪಿಡಬೇಕು. ಅಧ್ಯಾಪಿಕೆಯರಾದ ನಾವಾದರೂ ಯಾರನ್ನು ಸಾಲಿನ ಮುಂದೆ ನಿಲ್ಲಿಸುತ್ತೇವೆ, ಏಕೆ ನಿಲ್ಲಿಸುತ್ತೇವೆ ಎಂದು ದಿನಾಲು ನಮ್ಮನ್ನು ನಾವೇ ಕೇಳಿಕೊಳ್ಳತಕ್ಕದ್ದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಷ್ಟೋ ಜನರು ಇಂದು ತಾಯಂದಿರು, ಕೆಲವರು ಶಿಕ್ಷಕಿಯರು. ಕರ್ಣನನ್ನು ಎಲ್ಲರೂ ಹೀಯಾಳಿಸಿದ ದಿನ ಅವನನ್ನು ಆದರಿಸಿ ಅಂಗರಾಜ್ಯದ ಪಟ್ಟ ಕಟ್ಟಿದವನು ದುರ್ಯೋಧನನು. ಆ ಒಂದು ಉಪಕಾರಕ್ಕಾಗಿ ಕರ್ಣನು ಕುರುಕ್ಷೇತ್ರದವರೆಗೆ ಅವನ ಹಿಂದೆ ನಡೆದನು. ಅವಮಾನಗೊಂಡ ಮಗುವು ತನಗೆ ಮೊದಲು ಮಣೆ ಕೊಟ್ಟವರ ಪಾಲಾಗುವದು. ಕೊಟ್ಟವರು ಒಳ್ಳೆಯವರೋ ಕೆಟ್ಟವರೋ ಎಂದು ಅದು ನೋಡದು. ಹೊಸದಾಗಿ ಬಂದ ಹುಡುಗಿಗೆ ತನ್ನ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಡುವದನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕಲಿಸಿರಿ.